ಸರ್ಟಿಫಿಕೇಟ್ ಕೊಡದ ಕೆಲಸಕ್ಕೆ ಹೆಸರು ಬರೋದು ಹೇಗೆ?

ಪ್ಲೇಸ್‌ಮೆಂಟ್ ಬಗ್ಗೆ ಯಾವ ಸೀನಿಯರ್‌ನ ಕೇಳಿದ್ರೂ ಒಂದು ಸಲಹೆ ಖಂಡಿತ ಸಿಗುತ್ತೆ: "ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡು." ಏನು ಮಾಡ್ಬೇಕು, ಎಲ್ಲಿ ಮಾಡ್ಬೇಕು, ಮಾಡಿದ್ರೆ ಯಾರು ಗುರುತಿಸ್ತಾರೆ ಅಂತ ಮುಂದಕ್ಕೆ ಕೇಳಿದ್ರೆ "ಗಿಟ್‌ಹಬ್ ಅಕೌಂಟ್ ಮಾಡ್ಕೊ, ಆಮೇಲೆ ಗೊತ್ತಾಗುತ್ತೆ" ಅಂತಾರೆ. ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಓದೋರಿಗೆ ಇದು ಗೊತ್ತಾಗದೇ ಇದ್ರೂ ನಡೆಯುತ್ತೆ. ಕಂಪನಿಗಳೇ ಕ್ಯಾಂಪಸ್‌ಗೆ ಬರ್ತವೆ, ರೆಫರಲ್ ಕೊಡೋಕೆ ಅಣ್ಣ ಅಕ್ಕಂದಿರು ಇರ್ತಾರೆ. ಬೂಕನಕೆರೆ, ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಕಡೆಯಿಂದ ಬಂದ ಹುಡುಗ ಹುಡುಗಿಯರಿಗೆ ಆ ಅನುಕೂಲ ಕಮ್ಮಿ. ನಮ್ಮ ಪರಿಚಯವೇ ಇಲ್ಲದ ಒಬ್ಬ ಎಂಜಿನಿಯರ್, ನಮ್ಮ ಕಾಲೇಜಿನ ಹೆಸರು ಕೇಳದೆ, ಬರೀ ಕೆಲಸ ನೋಡಿ ನಮ್ಮನ್ನ ನಂಬೋ ದಾರಿ ಇದ್ಯಾ? ಇದೆ. ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ.

ಹೆಸರು ದಾಖಲಾಗೋದು ಎಲ್ಲಿ?

ಟೆಕ್ ಕಮ್ಯೂನಿಟಿ ಅಂದ್ರೆ ಒಂದು ಸಾಫ್ಟ್‌ವೇರನ್ನೋ, ಫಾಂಟನ್ನೋ, ನಕ್ಷೆಯನ್ನೋ ಸೇರಿ ಕಟ್ಟೋ, ಕಾಪಾಡೋ ಜನ. ಇವರಲ್ಲಿ ಕೆಲವರಿಗೆ ಅದಕ್ಕೆ ಸಂಬಳ ಬರುತ್ತೆ, ಸುಮಾರು ಜನ ಬಿಡುವಿನಲ್ಲಿ ಮಾಡ್ತಾರೆ. ಒಳಗೆ ಏನು ಸೇರಬೇಕು, ಏನು ಬೇಡ ಅಂತ ತೀರ್ಮಾನ ಮಾಡೋರನ್ನ ಮೇಂಟೇನರ್ ಅಂತಾರೆ.

ಇಲ್ಲಿ ಮಾಡಿದ ಪ್ರತಿಯೊಂದು ಕೆಲಸಕ್ಕೂ ಲೆಕ್ಕ ಇರುತ್ತೆ. ಗಿಟ್‌ನಲ್ಲಿ ಒಂದು ಸಾಲು ಬದಲಾಯಿಸಿದ್ರೂ ಯಾರು, ಯಾವಾಗ, ಯಾಕೆ ಬದಲಾಯಿಸಿದ್ರು ಅಂತ ಕಮಿಟ್‌ನಲ್ಲಿ ಬರೆದಿರುತ್ತೆ. ವಿಕಿಪೀಡಿಯದಲ್ಲಿ ಪ್ರತಿ ಪುಟಕ್ಕೂ ಇತಿಹಾಸದ ಟ್ಯಾಬ್ ಇದೆ. ಲಿನಕ್ಸ್ ಕರ್ನಲ್‌ನಲ್ಲಂತೂ ಕೋಡ್ ಬರೆದವರಷ್ಟೇ ಅಲ್ಲ, ತಪ್ಪು ತೋರಿಸಿದವರಿಗೆ 'ರಿಪೋರ್ಟೆಡ್ ಬೈ', ಪರೀಕ್ಷೆ ಮಾಡಿದವರಿಗೆ 'ಟೆಸ್ಟೆಡ್ ಬೈ', ಓದಿ ಸರಿ ಅಂದವರಿಗೆ 'ರಿವ್ಯೂಡ್ ಬೈ' ಅಂತ ಬೇರೆ ಬೇರೆ ಸಾಲುಗಳಿರುತ್ತೆ. ಒಂದು ಸಾಲು ಕೋಡ್ ಬರೀದೆ ಇದ್ರೂ ಕರ್ನಲ್ ಇತಿಹಾಸದಲ್ಲಿ ನಿಮ್ಮ ಹೆಸರು ಸೇರಬಹುದು.

ಸರ್ಟಿಫಿಕೇಟ್ ಹೇಳೋದು ನೀವು ಒಂದು ಕೋರ್ಸ್ ಮುಗಿಸಿದ್ರಿ ಅಂತ. ಆ ಕಮಿಟ್ ತೆಗೆದು ನೋಡಿದ್ರೆ ನೀವು ಸಮಸ್ಯೆಯನ್ನ ಹೇಗೆ ಅರ್ಥ ಮಾಡ್ಕೊಂಡ್ರಿ, ಮೇಂಟೇನರ್ ಪ್ರಶ್ನೆ ಕೇಳಿದಾಗ ಹೇಗೆ ಉತ್ತರ ಕೊಟ್ರಿ, ತಿದ್ದೋಕೆ ಹೇಳಿದಾಗ ತಿದ್ದಿದ್ರಾ ಅನ್ನೋದೆಲ್ಲ ಕಾಣುತ್ತೆ. ನೋಡೋರು ನಿಮ್ಮ ಮಾತನ್ನ ನಂಬಬೇಕಾಗಿಲ್ಲ, ಅವರೇ ಪರೀಕ್ಷಿಸಬಹುದು. ಮನ್ನಣೆ ಹುಟ್ಟೋದು ಈ ಜಾಗದಿಂದ.

ಕನ್ನಡದವರೇ ಮಾಡಿ ತೋರಿಸಿದ್ದು

ಇದಕ್ಕೆ ಅಮೆರಿಕದ ಉದಾಹರಣೆ ಬೇಕಾಗಿಲ್ಲ. ನುಡಿಯಲ್ಲಿ ಟೈಪ್ ಮಾಡೋರಿಗೆಲ್ಲ ಗೊತ್ತು, ಕೆ ಕೀ ಒತ್ತಿದ್ರೆ ಕ, ಜಿ ಒತ್ತಿದ್ರೆ ಗ, ಎಫ್ ಒತ್ತಿದ್ರೆ ಒತ್ತಕ್ಷರ. ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರದ ಕೀಗಳಲ್ಲೇ ಇಡೀ ಕನ್ನಡವನ್ನ ಕೂರಿಸಿದ ಈ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್ ಅವರದ್ದು. ಎಲ್ಲರೂ ಅವರನ್ನ ಕೆ.ಪಿ. ರಾವ್ ಅಂತಾರೆ. ಅವರು ಇದನ್ನ ಮಾರಾಟಕ್ಕಿಡದೆ ಎಲ್ಲರ ಬಳಕೆಗೆ ಬಿಟ್ರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಇದನ್ನ ತಗೊಳ್ತು, ಸರ್ಕಾರಿ ಕಚೇರಿಗಳಿಗೆ ಹೋಯ್ತು, ಲಿನಕ್ಸ್‌ನಲ್ಲೂ 'ಕೆಜಿಪಿ' ಅನ್ನೋ ಹೆಸರಲ್ಲಿ ಸಿಗುತ್ತೆ. ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಅವರಿಗೆ ಬಂದಿದ್ದು ಆಮೇಲೆ. ಪ್ರಶಸ್ತಿ ಬರೋಷ್ಟರಲ್ಲಿ ಸಾವಿರಾರು ಜನರ ಬೆರಳುಗಳಿಗೆ ಆ ಕೀಬೋರ್ಡ್ ಅಭ್ಯಾಸ ಆಗಿಹೋಗಿತ್ತು.

ನಮ್ಮ ಕಾಲಕ್ಕೆ ಇನ್ನೂ ಹತ್ತಿರದ ಉದಾಹರಣೆ ಅರವಿಂದ ವಿ.ಕೆ. ಅವರು 'ಗುಬ್ಬಿ' ಮತ್ತು 'ನವಿಲು' ಅನ್ನೋ ಎರಡು ಮುಕ್ತ ಕನ್ನಡ ಫಾಂಟ್ ಮಾಡಿದ್ರು. ಎರಡೂ ಡೆಬಿಯನ್ ಪ್ಯಾಕೇಜ್ ಪಟ್ಟಿಯಲ್ಲಿವೆ. ಉಬುಂಟು ತಯಾರಾಗೋದು ಡೆಬಿಯನ್ ಮೇಲೆ ಆದ್ರಿಂದ ಅಲ್ಲೂ ಸಿಗುತ್ತೆ. ಇದೇ ಅರವಿಂದ ರೆಡ್ ಹ್ಯಾಟ್‌ನಲ್ಲಿ ಗ್ಲಸ್ಟರ್‌ಎಫ್‌ಎಸ್ ಅನ್ನೋ ಸ್ಟೋರೇಜ್ ಪ್ರಾಜೆಕ್ಟಿನ ಡೆವಲಪರ್ ಆಗಿದ್ದವರು. ಮುಂದೆ ಅದೇ ಗ್ಲಸ್ಟರ್ ತಂಡದಲ್ಲಿದ್ದ ಅಮರ್ ತುಂಬಳ್ಳಿ ಅವರ ಜೊತೆ ಸೇರಿ ಕುಬರ್ನೆಟಿಸ್‌ಗೆ ಒಂದು ಸ್ಟೋರೇಜ್ ಪ್ರಾಜೆಕ್ಟ್ ಶುರು ಮಾಡಿದ್ರು. ಅದಕ್ಕೆ ಇಟ್ಟ ಹೆಸರು 'ಕಡಲು'. ಕುಬರ್ನೆಟಿಸ್ ಬಳಸೋ ಬೇರೆ ದೇಶದ ಎಂಜಿನಿಯರ್‌ಗಳೂ ಆ ಕನ್ನಡ ಪದವನ್ನ ಟೈಪ್ ಮಾಡ್ತಾರೆ. ಕನ್ನಡದ ಕೆಲಸ, ಪ್ರೊಫೆಷನಲ್ ಕೆಲಸ ಅಂತ ಎರಡು ಬೇರೆ ಬೇರೆ ದಾರಿ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮೂರನೇದು ವಿ. ಕೃಷ್ಣ ಅವರದ್ದು. ದಶಕಗಳ ಕಾಲ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ್ರು. 2019ರಲ್ಲಿ ಅದು 'ಅಲರ್' ಅನ್ನೋ ಹೆಸರಲ್ಲಿ ಎಲ್ಲರಿಗೂ ತೆರೆದುಕೊಳ್ತು. ಒಂದೂವರೆ ಲಕ್ಷ ಪದ, ಎರಡು ಲಕ್ಷ 40 ಸಾವಿರ ಅರ್ಥಗಳು. ಇಡೀ ಡೇಟಾ ಮುಕ್ತ ಲೈಸೆನ್ಸ್‌ನಲ್ಲಿದೆ, ಹಾಗಾಗಿ ನೀವು ನಾಳೆ ಒಂದು ಕನ್ನಡ ಆಪ್ ಮಾಡಿದ್ರೆ ಅದನ್ನ ಬಳಸಬಹುದು. ಅಷ್ಟು ವರ್ಷ ಮನೆಯೊಳಗಿದ್ದ ಕೆಲಸಕ್ಕೆ ಹೆಸರು ಬಂದಿದ್ದು ಬೇರೆಯವರು ಬಳಸೋ ಹಾಗೆ ಅದು ಹೊರಗೆ ಬಂದಾಗ.

ಮೂವರ ವಯಸ್ಸು ಬೇರೆ, ಕ್ಷೇತ್ರ ಬೇರೆ. ಒಂದು ವಿಷಯ ಮಾತ್ರ ಒಂದೇ: ಮೊದಲು ಬಳಕೆ, ಆಮೇಲೆ ಹೆಸರು.

ನಮಗೆ ಮಾತ್ರ ಗೊತ್ತಿರೋದು ಏನಿದೆ?

"ಅವರೆಲ್ಲ ದೊಡ್ಡೋರು, ನಂಗಿನ್ನೂ ಡೇಟಾ ಸ್ಟ್ರಕ್ಚರ್ಸೇ ಸರಿಯಾಗಿ ಬರಲ್ಲ" ಅಂತ ಅನ್ಸುತ್ತೆ, ಸಹಜ. ರಿಯಾಕ್ಟ್‌ನಂಥ ದೈತ್ಯ ಪ್ರಾಜೆಕ್ಟ್ ತೆಗೆದು ನೋಡಿದ್ರೆ ಸುಲಭವಾದ ಕೆಲಸಗಳನ್ನೆಲ್ಲ ಯಾರೋ ಆಗ್ಲೇ ಮುಗಿಸಿರ್ತಾರೆ. ಆದ್ರೆ ಕ್ಯಾಲಿಫೋರ್ನಿಯಾದ ಎಂಜಿನಿಯರ್‌ಗೆ ಗೊತ್ತಿಲ್ಲದ, ನಮಗೆ ಗೊತ್ತಿರೋ ಸಂಗತಿಗಳಿವೆ. ಶುರು ಮಾಡೋಕೆ ಅದೇ ಒಳ್ಳೆ ಜಾಗ.

'ಸೂರ್ಯ' ಮತ್ತು 'ರ‍್ಯಾಂಕ್' ಅನ್ನೋ ಎರಡು ಪದ ನೋಡಿ. ಸೂರ್ಯದಲ್ಲಿ ಅರ್ಕಾವತ್ತು ಬರುತ್ತೆ. ರ‍್ಯಾಂಕ್‌ನಲ್ಲಿ ರ ಅಕ್ಷರಕ್ಕೆ ಯ ಒತ್ತು ಬರಬೇಕು. ಯೂನಿಕೋಡ್‌ನಲ್ಲಿ ಎರಡಕ್ಕೂ ಬೇಕಾಗಿರೋ ಅಕ್ಷರಗಳು ಅವೇ: ರ, ವಿರಾಮ ಚಿಹ್ನೆ, ಯ. ಸುಮ್ನೆ ಹಾಗೇ ಟೈಪ್ ಮಾಡಿದ್ರೆ 'ರ್ಯಾಂಕ್' ಅಂತ ಅರ್ಕಾವತ್ತು ಬಂದುಬಿಡುತ್ತೆ. ಸರಿಯಾಗಿ ಬರಬೇಕು ಅಂದ್ರೆ ರ ಆದಮೇಲೆ 'ಝೀರೋ ವಿಡ್ತ್ ಜಾಯ್ನರ್' ಅನ್ನೋ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಬೇಕು. ಈಗ ಒಂದು ರಿಸಲ್ಟ್ ಆಪ್‌ನಲ್ಲಿ ಒಬ್ಬರು ಜಾಯ್ನರ್ ಹಾಕಿ ಟೈಪ್ ಮಾಡಿದ್ದಾರೆ, ಇನ್ನೊಬ್ಬರು ಹಾಕದೆ ಹುಡುಕ್ತಾರೆ ಅಂದ್ಕೊಳ್ಳಿ. ಕಂಪ್ಯೂಟರ್‌ಗೆ ಅವೆರಡೂ ಬೇರೆ ಬೇರೆ ಪದ. ಪ್ರೋಗ್ರಾಂನಲ್ಲಿ ಇದಕ್ಕೆ ಏರ್ಪಾಡು ಮಾಡಿಲ್ಲ ಅಂದ್ರೆ ಹುಡುಕಿದ್ದು ಸಿಗಲ್ಲ. ಕನ್ನಡ ಓದಕ್ಕೆ ಬರದ ಡೆವಲಪರ್‌ಗೆ ಇದೊಂದು ಬಗ್ ಅಂತ ಕಾಣೋದೇ ಇಲ್ಲ. ನಮಗೆ ಮೊದಲ ನೋಟಕ್ಕೇ ಕಾಣುತ್ತೆ.

ಕನ್ನಡ ಬಲ್ಲವರು ಸರಿಯಾದ ಹೊತ್ತಿಗೆ ಮಾತಾಡಿಲ್ಲ ಅಂದ್ರೆ ಏನಾಗುತ್ತೆ ಅನ್ನೋದಕ್ಕೂ ಯೂನಿಕೋಡ್‌ನಲ್ಲೇ ಉದಾಹರಣೆ ಇದೆ. ಹಳಗನ್ನಡದ 'ೞ' ಅಕ್ಷರಕ್ಕೆ ಆ ಸ್ಟ್ಯಾಂಡರ್ಡ್‌ನಲ್ಲಿ ತಪ್ಪಾಗಿ 'ಫ' ಅಂತ ಹೆಸರು ಸೇರಿಹೋಗಿದೆ. ಒಂದು ಸಲ ಕೊಟ್ಟ ಹೆಸರನ್ನ ಬದಲಾಯಿಸೋ ಹಾಗಿಲ್ಲ ಅನ್ನೋದು ಯೂನಿಕೋಡ್ ನಿಯಮ. ಹಾಗಾಗಿ ಸರಿಯಾದ ಹೆಸರನ್ನ ಪಕ್ಕದಲ್ಲಿ ಇನ್ನೊಂದು ಹೆಸರಾಗಿ ಸೇರಿಸಿದ್ದಾರೆ, ತಪ್ಪು ಹೆಸರು ಅಲ್ಲೇ ಇದೆ. ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ತುಳು-ತಿಗಳಾರಿ ಲಿಪಿ. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಹಳೇ ಬರಹಗಳನ್ನ ಅಧ್ಯಯನ ಮಾಡಿ ಪ್ರಸ್ತಾವನೆ ಬರೆದ್ರು, ಅದರ ಮೇಲೆ ಚರ್ಚೆ ಆಯ್ತು, 2024ರಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಗೆ ಆ ಲಿಪಿ ಸೇರ್ತು. ಆ ಪ್ರಸ್ತಾವನೆಯನ್ನ ಇವತ್ತೂ ಯಾರು ಬೇಕಾದ್ರೂ ತೆಗೆದು ಓದಬಹುದು, ಮೇಲೆ ಅವರ ಹೆಸರಿದೆ.

ಅಕ್ಷರ ಬೇಡ, ಊರು ಸಾಕು ಅನ್ನೋರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಮುಕ್ತ ನಕ್ಷೆ ಇದು, ವಿಕಿಪೀಡಿಯದ ಥರ ಯಾರು ಬೇಕಾದ್ರೂ ತಿದ್ದಬಹುದು. ಆಪಲ್, ಮೆಟಾ, ಅಮೆಜಾನ್‌ನಂಥ ಕಂಪನಿಗಳೂ ಇದರ ಡೇಟಾ ಬಳಸ್ತವೆ.

ನಮ್ಮ ಬೂಕನಕೆರೆಯನ್ನೇ ತಗೊಳ್ಳಿ. ರಾಜ್ಯಕ್ಕೆಲ್ಲ ಈ ಊರು ಗೊತ್ತಿರೋದು ಬಿ.ಎಸ್. ಯಡಿಯೂರಪ್ಪ ಅವರ ಹೆಸರಿನ 'ಬಿ' ಇಂದ. ಮ್ಯಾಪ್‌ಗೆ ಅಷ್ಟು ಸಾಲಲ್ಲ. ಇಂಗ್ಲಿಷ್‌ನಲ್ಲಿ ಈ ಹೆಸರನ್ನ ಎರಡು ಓ ಹಾಕಿ ಬರೆಯೋರೂ ಇದ್ದಾರೆ, ಒಂದು ಯು ಹಾಕಿ ಬರೆಯೋರೂ ಇದ್ದಾರೆ. ಕನ್ನಡದಲ್ಲಿ ಇರೋದು ಒಂದೇ ರೂಪ. ಈ ಮ್ಯಾಪ್‌ನಲ್ಲಿ ಕನ್ನಡ ಹೆಸರಿಗೆ ಒಂದು ಜಾಗ, ಪರ್ಯಾಯ ಹೆಸರಿಗೆ ಒಂದು ಜಾಗ, ಹಳೇ ಹೆಸರಿಗೆ ಇನ್ನೊಂದು ಜಾಗ ಇದೆ. ಕೆ.ಆರ್. ಪೇಟೆಗೆ ಹಿಂದೆ ಅತ್ತಿಕುಪ್ಪೆ ಅಂತಿದ್ರು. ಪಾಂಡವಪುರಕ್ಕೆ ಹಿರೋಡೆ ಅನ್ನೋ ಹೆಸರೂ ಇತ್ತು, ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತಾನೂ ಕರೀತಿದ್ರು. ಹಳೇ ಪಹಣಿ, ಹಳೇ ಪುಸ್ತಕ ಓದೋ ಯಾರಿಗಾದ್ರೂ ಈ ಹೆಸರುಗಳು ಬೇಕಾಗುತ್ತೆ. ಯಾವ ಗಾಡಿದಾರಿ ಮಳೆಗಾಲದಲ್ಲಿ ಕೆಸರಾಗುತ್ತೆ, ಯಾವ ಕಾಲುವೆಯಲ್ಲಿ ವರ್ಷ ಪೂರ್ತಿ ನೀರು ಇರಲ್ಲ ಅನ್ನೋದನ್ನೂ ಟ್ಯಾಗ್ ಮಾಡಬಹುದು. ಸ್ಯಾಟಲೈಟ್ ಫೋಟೋದಲ್ಲಿ ಕೆರೆ ಕಾಣುತ್ತೆ, ಅದಕ್ಕೆ ಊರಿನವರು ಏನಂತಾರೆ ಅನ್ನೋದು ಕಾಣಲ್ಲ. ಒಂದೇ ಎಚ್ಚರಿಕೆ: ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡೋ ಹಾಗಿಲ್ಲ, ಅದು ಕಾಪಿರೈಟ್ ಇರೋ ಡೇಟಾ. ನೀವೇ ನೋಡಿ ತಿಳಿದಿದ್ದು, ಅನುಮತಿ ಇರೋ ಮೂಲದಿಂದ ತಗೊಂಡಿದ್ದು ಮಾತ್ರ ಸೇರಿಸಬೇಕು.

ಮೊದಲ ಕೆಲಸ ಹೀಗಿರಲಿ

ಕೋಡ್‌ಗಿಂತ ಮುಂಚೆ ಒಂದು ಒಳ್ಳೆ ಬಗ್ ರಿಪೋರ್ಟ್ ಬರೆಯೋದು ಕಲಿಯೋಣ. "ಕನ್ನಡ ಸರಿಯಾಗಿ ಬರ್ತಿಲ್ಲ" ಅಂತ ಬರೆದ್ರೆ ಮೇಂಟೇನರ್ ಏನೂ ಮಾಡೋಕಾಗಲ್ಲ. ನಾಲ್ಕು ವಿಷಯ ಬೇಕು: ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಏನೇನು ಮಾಡಿದಾಗ ತೊಂದರೆ ಬಂತು, ಹೆಜ್ಜೆ ಹೆಜ್ಜೆಯಾಗಿ, ಏನು ಬರಬೇಕಿತ್ತು, ಏನು ಬಂತು. ಜೊತೆಗೆ ಒಂದು ಸ್ಕ್ರೀನ್‌ಶಾಟ್. ಬರೆಯೋ ಮುಂಚೆ ಅದೇ ತೊಂದರೆಯನ್ನ ಬೇರೆ ಯಾರಾದ್ರೂ ಹೇಳಿದ್ದಾರಾ ಅಂತ ಹುಡುಕಬೇಕು.

ಕೋಡ್‌ಗೆ ಇಳಿಯೋದಾದ್ರೆ ನೀವೇ ದಿನಾ ಬಳಸೋ ಒಂದು ಸಣ್ಣ ಟೂಲ್ ಆರಿಸ್ಕೊಳ್ಳಿ. ಅದರ ಕಾಂಟ್ರಿಬ್ಯೂಟಿಂಗ್ ಫೈಲ್ ಪೂರ್ತಿ ಓದಿ. 'ಗುಡ್ ಫಸ್ಟ್ ಇಶ್ಯೂ' ಅಂತ ಲೇಬಲ್ ಇರೋ ಕೆಲಸಗಳನ್ನ ಹೊಸಬರಿಗೆ ಅಂತಾನೇ ಇಟ್ಟಿರ್ತಾರೆ. ಫೋರ್ಕ್ ಮಾಡಿ, ಬೇರೆ ಬ್ರಾಂಚ್‌ನಲ್ಲಿ ಬದಲಾಯಿಸಿ, ಟೆಸ್ಟ್ ಓಡಿಸಿ, ಆಮೇಲೆ ಪುಲ್ ರಿಕ್ವೆಸ್ಟ್ ಕಳಿಸಿ. ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ಬದಲಾವಣೆ ಇರಲಿ. ರಿವ್ಯೂನಲ್ಲಿ ತಿದ್ದಿ ಅಂದ್ರೆ ಬೇಜಾರಾಗಬೇಡಿ. ನಮ್ಮ ಲ್ಯಾಬ್ ರೆಕಾರ್ಡ್‌ನ ಯಾರೂ ಅಷ್ಟು ಗಮನ ಕೊಟ್ಟು ಓದಲ್ಲ. ಅನುಭವ ಇರೋ ಎಂಜಿನಿಯರ್ ಒಬ್ಬರು ನಿಮ್ಮ 20 ಸಾಲು ಕೋಡ್‌ಗೆ ಅರ್ಧ ಗಂಟೆ ಕೊಟ್ರು ಅಂದ್ರೆ ಅದು ದುಡ್ಡು ಕೊಟ್ರೂ ಸಿಗದ ಟ್ಯೂಷನ್.

ಡಾಕ್ಯುಮೆಂಟೇಷನ್ ತಿದ್ದೋದು, ಕನ್ನಡಕ್ಕೆ ಅನುವಾದ, ಹೊಸಬರ ಪ್ರಶ್ನೆಗೆ ಉತ್ತರ ಕೊಡೋದು ಕೂಡ ಕೆಲಸಾನೇ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗಿ ಇಲ್ಲಿವರೆಗೆ ಬಂದಿದ್ದು ಇಂಥ ಕೆಲಸದಿಂದ. ಅಲ್ಲಿ ಬರೆಯೋದನ್ನ ಕಲಿತ್ರೆ ಪ್ರತಿ ಮಾತಿಗೂ ಆಧಾರ ಕೊಡೋ ಅಭ್ಯಾಸ ಬರುತ್ತೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯೋವಾಗ ಅದರ ಬೆಲೆ ಗೊತ್ತಾಗುತ್ತೆ.

ಅಡ್ಡದಾರಿ ಹಿಡಿದ್ರೆ

ಹೆಸರು ಬೇಗ ಬೇಕು ಅಂತ ಅಡ್ಡದಾರಿ ಹಿಡಿದವರ ಕಥೆಯೂ ಇದೆ, ಅದರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಇದ್ದಾರೆ. ಹ್ಯಾಕ್ಟೋಬರ್‌ಫೆಸ್ಟ್ ಅನ್ನೋ ಕಾರ್ಯಕ್ರಮ 2014ರಲ್ಲಿ ಶುರುವಾಯ್ತು. ಅಕ್ಟೋಬರ್‌ನಲ್ಲಿ ಇಂತಿಷ್ಟು ಪುಲ್ ರಿಕ್ವೆಸ್ಟ್ ಕಳಿಸಿದ್ರೆ ಟೀ ಶರ್ಟ್ ಕೊಡ್ತಿದ್ರು. 2020ರಲ್ಲಿ ಟೀ ಶರ್ಟ್ ಆಸೆಗೆ ಜನ ರೀಡ್‌ಮಿ ಫೈಲ್‌ನಲ್ಲಿ ಒಂದು ಪದ ಸೇರಿಸಿ ಕಳಿಸೋಕೆ ಶುರು ಮಾಡಿದ್ರು. ಮೇಂಟೇನರ್‌ಗಳು ಕಸ ಗುಡಿಸಿ ಗುಡಿಸಿ ರೋಸಿಹೋದ್ರು. ಆಯೋಜಕರು ನಿಯಮ ಬದಲಾಯಿಸಿ, ತಾವಾಗೇ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂತ ಮಾಡಬೇಕಾಯ್ತು. 2024ರ ಶುರುವಿನಲ್ಲಿ ಎಕ್ಸ್‌ಪ್ರೆಸ್ ಪ್ರಾಜೆಕ್ಟ್‌ಗೂ ಇದೇ ಗತಿ. ಒಂದು ಟ್ಯುಟೋರಿಯಲ್ ನೋಡಿದವರು ತಮ್ಮ ಹೆಸರನ್ನ ರೀಡ್‌ಮಿಗೆ ಸೇರಿಸಿ ಸಾಲುಸಾಲಾಗಿ ಕಳಿಸಿದ್ರು. ಈಗ ಎಐ ಬರೆದುಕೊಟ್ಟ ರಿಪೋರ್ಟ್‌ಗಳ ಕಾಟ. ಕರ್ಲ್ ಪ್ರಾಜೆಕ್ಟಿನ ಡೇನಿಯಲ್ ಸ್ಟೆನ್‌ಬರ್ಗ್, ಇಲ್ಲದ ಸೆಕ್ಯುರಿಟಿ ದೋಷಗಳನ್ನ ಎಐ ಹತ್ರ ಬರೆಸಿ ಕಳಿಸೋರ ಬಗ್ಗೆ ಬಹಿರಂಗವಾಗಿ ದೂರಿದ್ದಾರೆ.

ದಾಖಲೆ ಅಳಿಸಿಹೋಗಲ್ಲ ಅನ್ನೋದು ಎರಡೂ ಕಡೆ ಕುಯ್ಯುತ್ತೆ. ಒಳ್ಳೆ ಕೆಲಸ ಎಷ್ಟು ದಿನ ಉಳಿಯುತ್ತೋ, 'ಸ್ಪ್ಯಾಮ್' ಅಂತ ಲೇಬಲ್ ಬಿದ್ದ ಪುಲ್ ರಿಕ್ವೆಸ್ಟ್ ಕೂಡ ಅಷ್ಟೇ ದಿನ ಉಳಿಯುತ್ತೆ.

ಮೇಂಟೇನರ್‌ಗಳು ಯಾಕೆ ಅಷ್ಟು ಹುಷಾರಾಗಿರ್ತಾರೆ ಅಂತ ತಿಳಿಯೋಕೆ 2024ರ ಎಕ್ಸ್‌ಝಡ್ ಪ್ರಕರಣ ನೋಡಿ. 'ಜಿಯಾ ಟಾನ್' ಅನ್ನೋ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಕೆಲಸ ಮಾಡಿ ನಂಬಿಕೆ ಗಳಿಸಿದ್ರು. ಆಮೇಲೆ ಲಿನಕ್ಸ್ ಸರ್ವರ್‌ಗಳಿಗೆ ನುಗ್ಗೋಕೆ ಕಳ್ಳಬಾಗಿಲು ಸೇರಿಸಿದ್ರು. ಅದನ್ನ ಹಿಡಿದಿದ್ದು ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್. ಲಾಗಿನ್ ಆಗೋಕೆ ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡೀತಿದೆಯಲ್ಲ, ಯಾಕೆ ಅಂತ ಅವರು ಹುಡುಕ್ತಾ ಹೋದ್ರು. ಜಗತ್ತೇ ಅವರನ್ನ ಕೊಂಡಾಡ್ತು. ಅರ್ಧ ಸೆಕೆಂಡ್‌ನ "ಏನೋ ಇರ್ಬೇಕು ಬಿಡು" ಅಂತ ಬಿಡದೇ ಇದ್ದಿದ್ದೇ ಅವರ ಕಾಂಟ್ರಿಬ್ಯೂಷನ್.

ಬಿರುದು, ಸ್ಟೈಪೆಂಡ್, ಕೆಲಸ

ಕಂಪನಿಗಳು ಕೊಡೋ ಬಿರುದುಗಳೂ ಇವೆ. ಮೈಕ್ರೋಸಾಫ್ಟ್ 1993ರಿಂದ 'ಮೋಸ್ಟ್ ವ್ಯಾಲ್ಯುಬಲ್ ಪ್ರೊಫೆಷನಲ್', ಅಂದ್ರೆ ಎಂವಿಪಿ ಗೌರವ ಕೊಡ್ತಿದೆ. ಪರೀಕ್ಷೆ ಬರೆದು ಇದನ್ನ ಪಡೆಯೋಕಾಗಲ್ಲ. ಯಾರಾದ್ರೂ ನಿಮ್ಮ ಹೆಸರು ಸೂಚಿಸಬೇಕು, ಕಳೆದ ಒಂದು ವರ್ಷದಲ್ಲಿ ಬೇರೆಯವರಿಗೆ ನೀವು ಎಷ್ಟು ನೆರವಾದ್ರಿ ಅಂತ ನೋಡ್ತಾರೆ. ಗೌರವದ ಅವಧಿಯೂ ಒಂದೇ ವರ್ಷ, ಮುಂದುವರೀಬೇಕು ಅಂದ್ರೆ ಕೆಲಸ ಮುಂದುವರೀಬೇಕು. ಗೂಗಲ್‌ನಲ್ಲಿ ಇದೇ ಥರ 'ಡೆವಲಪರ್ ಎಕ್ಸ್‌ಪರ್ಟ್' ಇದೆ. ಅಪಾಚೆ ಫೌಂಡೇಷನ್‌ನಲ್ಲಿ ಮೆಟ್ಟಿಲುಗಳೇ ಇವೆ: ಮೊದಲು ಕಾಂಟ್ರಿಬ್ಯೂಟರ್, ನಂಬಿಕೆ ಬಂದಮೇಲೆ ಕಮಿಟರ್, ಆಮೇಲೆ ಪ್ರಾಜೆಕ್ಟ್ ನಡೆಸೋ ಸಮಿತಿಯ ಸದಸ್ಯ. ಅಲ್ಲಿ ಒಮ್ಮೆ ಗಳಿಸಿದ ಅರ್ಹತೆಗೆ ಎಕ್ಸ್‌ಪೈರಿ ಇಲ್ಲ.

ನಮ್ಮ ಹಂತಕ್ಕೆ ಹತ್ತಿರದ್ದು ಗೂಗಲ್ ಸಮ್ಮರ್ ಆಫ್ ಕೋಡ್. 2005ರಲ್ಲಿ ವಿದ್ಯಾರ್ಥಿಗಳಿಗೆ ಅಂತ ಶುರುವಾಗಿದ್ದು, 2022ರಿಂದ 18 ವರ್ಷ ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಎಲ್ಲರಿಗೂ ತೆರೆದಿದೆ. ಮೆಂಟರ್ ಸಿಗ್ತಾರೆ, ಸ್ಟೈಪೆಂಡ್ ಬರುತ್ತೆ. ಅರ್ಜಿ ಹಾಕೋ ವಾರದಲ್ಲಿ ಹೋಗಿ "ಹಾಯ್ ಸರ್" ಅಂದ್ರೆ ಪ್ರಯೋಜನ ಇಲ್ಲ, ಮುಂಚಿಂದಲೇ ಆ ಪ್ರಾಜೆಕ್ಟ್‌ನಲ್ಲಿ ಓಡಾಡಿರಬೇಕು. ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್‌ನವರು ನಡೆಸೋ ಇಂಡಿಯಾಫಾಸ್ ಸಮ್ಮೇಳನಕ್ಕೆ ಒಂದ್ಸಲ ಹೋಗಿ ಬಂದ್ರೆ, ಪ್ರೊಫೈಲ್ ಫೋಟೋ ಆಗಿ ಮಾತ್ರ ನೋಡಿದ್ದ ಮೇಂಟೇನರ್‌ಗಳನ್ನ ಎದುರಾ ಎದುರು ಮಾತಾಡಿಸಬಹುದು.

ರೆಸ್ಯೂಮೆಯಲ್ಲಿ "ಓಪನ್ ಸೋರ್ಸ್ ಕಾಂಟ್ರಿಬ್ಯೂಟರ್" ಅಂತ ಒಂದು ಪದ ಬರೆದು ಬಿಟ್ರೆ ಓದೋರಿಗೆ ಏನೂ ಗೊತ್ತಾಗಲ್ಲ. ಯಾವ ಪ್ರಾಜೆಕ್ಟ್, ಏನು ತೊಂದರೆ ಇತ್ತು, ನೀವು ಏನು ಮಾಡಿದ್ರಿ, ಅದರಿಂದ ಏನು ಬದಲಾಯ್ತು ಅಂತ ಎರಡು ಸಾಲು, ಪಕ್ಕದಲ್ಲಿ ಲಿಂಕ್. ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಹತ್ತು ನಿಮಿಷ ಮಾತಾಡೋಕೆ ಬರದೇ ಇರೋದನ್ನ ಹಾಕಲೇಬೇಡಿ.

ಒಂದು ಕಹಿ ಮಾತನ್ನೂ ಹೇಳಬೇಕು. ಇದೆಲ್ಲ ಸಂಬಳ ಇಲ್ಲದ ಕೆಲಸ. ಸಂಜೆ ಮನೆಗೆ ಹೋಗಿ ಹಾಲು ಕರೆಯೋಕೆ, ಗದ್ದೆಗೆ ನೀರು ಹಾಯಿಸೋಕೆ ಹೋಗಬೇಕಾದವರಿಗೂ, ಸ್ವಂತ ಲ್ಯಾಪ್‌ಟಾಪ್ ಇಲ್ಲದವರಿಗೂ ಬಿಡುವು ಅನ್ನೋದೇ ಸುಲಭವಾಗಿ ಸಿಗಲ್ಲ. ಅಂಥವರಿಗೆ "ದಿನಾ ಒಂದು ಕಮಿಟ್ ಮಾಡು" ಅನ್ನೋ ಸಲಹೆ ಅನ್ಯಾಯ. ಕಮಿಟ್‌ಗಳ ಎಣಿಕೆಯನ್ನ ಮರೆತುಬಿಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಕೆಲಸ ಮೊಬೈಲ್‌ನಲ್ಲೂ ಆಗುತ್ತೆ. ಸೆಮಿಸ್ಟರ್‌ಗೆ ಒಂದೇ ಒಂದು ಬಗ್ ರಿಪೋರ್ಟ್, ಆದ್ರೆ ಮೇಂಟೇನರ್ ಓದಿ "ಥ್ಯಾಂಕ್ಸ್, ಇದು ನಮಗೆ ಗೊತ್ತೇ ಇರಲಿಲ್ಲ" ಅನ್ನೋ ಥರದ್ದು, ನೂರು ರೀಡ್‌ಮಿ ತಿದ್ದುಪಡಿಗಿಂತ ಹೆಚ್ಚು ತೂಗುತ್ತೆ. ಇದನ್ನ ಮಾಡಿದ್ರೆ ಕೆಲಸ ಗ್ಯಾರಂಟಿ ಅಂತಾನೂ ಯಾರೂ ಹೇಳೋಕಾಗಲ್ಲ. ನಿಮ್ಮ ಕೆಲಸ ಕಾಣೋ ಜಾಗಕ್ಕೆ ಬರುತ್ತೆ, ಅಷ್ಟು ಖಂಡಿತ.

ಈ ಭಾನುವಾರ ಎರಡು ಗಂಟೆ ಇದ್ರೆ ಒಂದು ಕೆಲಸ ಮಾಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ತೆಗೆದು ನಿಮ್ಮ ಹೋಬಳಿಗೆ ಝೂಮ್ ಮಾಡಿ, ನಿಮ್ಮೂರಿನ ಕನ್ನಡ ಹೆಸರು ಸರಿಯಾಗಿದೆಯಾ, ಕೆರೆಗೆ ಹೆಸರಿದೆಯಾ ನೋಡಿ. ಗೊತ್ತಿಲ್ಲದಿದ್ರೆ ಮನೆಯಲ್ಲಿ ಅಜ್ಜಿಯನ್ನ ಕೇಳಿ, ಅವರಿಗೆ ಗೊತ್ತಿರುತ್ತೆ. ತಿದ್ದಿ ಸೇವ್ ಮಾಡೋವಾಗ "ಏನು ಬದಲಾಯಿಸಿದ್ರಿ?" ಅಂತ ಒಂದು ಪೆಟ್ಟಿಗೆ ಬರುತ್ತೆ. ಅಲ್ಲಿ ಏನು ಮಾಡಿದ್ರಿ, ನಿಮಗೆ ಅದು ಹೇಗೆ ಗೊತ್ತು ಅಂತ ಒಂದು ಸಾಲು ಬರೀರಿ. ಅದರ ಕೆಳಗೆ ನಿಮ್ಮ ಹೆಸರು ತಾನಾಗೇ ಬರುತ್ತೆ.